ಕೇಳದೆ ಕೂರಿಸಿದ ಎಂಜಿನ್

ಶನಿವಾರ, ಬೆಳಿಗ್ಗೆ

ರೀ,

ಮೊದಲು ‘ಯಜಮಾನರಿಗೆ’ ಎಂದು ಬರೆದಿದ್ದೆ. ಓದಿದ ಕೂಡಲೇ ವ್ಯಾನಿಗೂ ತಾವೇ ಯಜಮಾನರು ಎಂದುಕೊಂಡುಬಿಡುತ್ತೀರಿ ಎಂದು ಆ ಹಾಳೆ ಹರಿದು ಹಾಕಿದೆ. ‘ಪ್ರೀತಿಯ’ ಎಂದು ಶುರು ಮಾಡುವ ಮನಸ್ಸು ಈಗ ಇಲ್ಲ. ಏಕವಚನದಲ್ಲಿ ಬೈಯೋಣವೆಂದರೆ ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ. ಹಾಗಾಗಿ ಮರ್ಯಾದೆ ಕೊಟ್ಟೇ ಬೈಯುತ್ತೇನೆ, ಓದಿಕೊಳ್ಳಿ.

ನಾನು ಕ್ಷೇಮ. ನೀವು ಕ್ಷೇಮವೆಂದು ನಿಮ್ಮ ಅಕ್ಕನಿಂದ ತಿಳಿಯಿತು. ನಿನ್ನೆ ಸಂಜೆ ಫೋನ್ ಮಾಡಿ ನನ್ನನ್ನು ಕಲ್ಲುಮನಸ್ಸಿನವಳು ಎಂದರು. ನಿಮಗೆ ಊಟ ಸೇರುತ್ತಿಲ್ಲವಂತೆ, ವರ್ಕ್‌ಶಾಪಿನಿಂದ ಬಂದವರು ಅವರ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತೀರಂತೆ, ಅದಕ್ಕೆಲ್ಲ ನಾನು ಬರೆದ ಒಂದು ಸಾಲು ಕಾರಣವಂತೆ. ನಾನು ಬರೆದದ್ದು ಪ್ಲಗ್ ವೈರಿನ ವಿಷಯ. ಪ್ಲಗ್ ವೈರಿನ ಸುದ್ದಿ ಕೇಳಿ ಊಟ ಬಿಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಯಲ್ಲಿ ಕುದಿಯುತ್ತಿರುವುದನ್ನೆಲ್ಲ ಹೇಳಿ ಮುಗಿಸಬೇಕು.

ವ್ಯಾನ್ ನನ್ನದು. ಇದನ್ನು ನೀವು ಯಾವತ್ತೂ ಇಲ್ಲ ಎಂದಿಲ್ಲ, ಹೌದು ಎಂದು ನಡೆದುಕೊಂಡೂ ಇಲ್ಲ. ಅಪ್ಪ ತನ್ನ ಲಾಂಡ್ರಿ ಮುಚ್ಚಿದಾಗ ಅದರ ಕೀಲಿಯನ್ನು ನನ್ನ ಕೈಗೆ ಕೊಟ್ಟರು, ಅಳಿಯನ ಕೈಗಲ್ಲ. ಅಂದಿನಿಂದ ಅದರಲ್ಲೇ ಮನೆಮನೆಗೆ ಹೋಗಿ ಕಿಟಕಿ ಅಳೆದು, ಪರದೆ ಹೊಲಿದು, ಏಣಿ ಹತ್ತಿ ನೇತುಹಾಕಿ ಬರುತ್ತಿದ್ದೇನೆ. ಹಿಂದೆ ಬಟ್ಟೆಯ ಥಾನುಗಳು, ಕಂಬಿಗಳು, ಮಡಚುವ ಏಣಿ. ಮುಂದೆ ನಾನು. ನನ್ನ ಸೀಟಿನ ಕೆಳಗೆ ಎಂಜಿನ್. ಅಪ್ಪನ ಕಾಲದಿಂದ ದುಡಿದ ಆ ಸಣ್ಣ ಎಂಜಿನ್ ಎಣ್ಣೆ ಕುಡಿಯುತ್ತಿತ್ತು, ಹೊಗೆ ಬಿಡುತ್ತಿತ್ತು, ಏರು ಕಂಡರೆ ಏದುಸಿರು ಬಿಡುತ್ತಿತ್ತು, ಎಲ್ಲ ಒಪ್ಪುತ್ತೇನೆ. ಬದಲಾಯಿಸಬೇಕು ಎಂದು ನಿಮ್ಮ ಮುಂದೆ ಹೇಳಿದವಳೂ ನಾನೇ. ಯಾವುದನ್ನು ಹಾಕೋಣ ಎಂದು ಕೂತು ಮಾತಾಡೋಣ ಎಂದೂ ಹೇಳಿದ್ದೆ. ನೆನಪಿರಬೇಕು, ನೀವು ಪೇಪರ್ ಓದುತ್ತ ಹೂಂ ಅಂದಿರಿ.

ನಾನು ತಂಗಿಯ ಬಾಣಂತನಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದಿರಿ. ಹಳೆ ಗಾಡಿಗಳ ಹುಚ್ಚಿರುವ ನಿಮ್ಮ ಆ ಹಲ್ಲಿನ ಡಾಕ್ಟರಿಗೆ ಅಪ್ಪನ ಎಂಜಿನ್ನನ್ನು ಕೊಟ್ಟು, ಅವರ ಷೆಡ್ಡಿನಲ್ಲಿ ಬಿದ್ದಿದ್ದ ಕಾರಿನ ದೊಡ್ಡ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತಂದು ನನ್ನ ಸೀಟಿನ ಕೆಳಗೆ ತುರುಕಿದ್ದಿರಿ. ಅಲ್ಲಿ ಅದು ಹಿಡಿಯಲಿಲ್ಲವೆಂದು ಮೇಲಿನ ಮುಚ್ಚಳವನ್ನು ಕೊಯ್ದು ಎತ್ತರಿಸಿ, ಸೀಟನ್ನೂ ಎತ್ತರಿಸಿದ್ದಿರಿ. ನಾನು ಬಾಗಿಲಲ್ಲಿ ಚೀಲ ಇಳಿಸುವ ಮುಂಚೆಯೇ ಹೊಸ ಬೊಂಬೆ ತೋರಿಸುವ ಮಗುವಿನ ಹಾಗೆ ಕೈ ಹಿಡಿದು ಎಳೆದುಕೊಂಡು ಹೋದಿರಿ. ಪಿಕಪ್ ನೋಡು, ದಮ್ ನೋಡು ಎಂದು ದೊಡ್ಡ ರಸ್ತೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸಿದಿರಿ. ನಿಮ್ಮ ಮುಖದ ಖುಷಿ ನೋಡಿ ಬಾಯಿಗೆ ಬೀಗ ಹಾಕಿಕೊಂಡೆ, ಅದಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟು.

ನಾನು ದೊಡ್ಡ ರಸ್ತೆಯಲ್ಲಿ ಹಾರುವವಳಲ್ಲ ಕಣ್ರೀ. ನನ್ನ ದಾರಿ ಗಲ್ಲಿಗಳದ್ದು. ಎರಡು ಮನೆಗೊಮ್ಮೆ ನಿಲ್ಲಬೇಕು, ಎದುರಿನ ಗಾಡಿಗೆ ಜಾಗ ಬಿಡಬೇಕು, ಹಿಂದಕ್ಕೆ ಬರಬೇಕು, ಮತ್ತೆ ತೆವಳಬೇಕು. ನಿಮ್ಮ ದೊಡ್ಡ ಎಂಜಿನ್ನಿಗೆ ತೆವಳುವುದು ಅವಮಾನ. ಅದರ ಮೊದಲ ಗೇರೇ ನನ್ನ ಹಳೆಯ ಎರಡನೇ ಗೇರಿಗಿಂತ ಜೋರು, ನಿಧಾನ ಹೋಗಬೇಕೆಂದರೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇರಬೇಕು. ಆ ಕ್ಲಚ್ಚೋ ಗೋಡೆ ತಳ್ಳಿದ ಹಾಗೆ. ಎತ್ತರಿಸಿದ ಸೀಟಿನಿಂದ ನನ್ನ ಕಾಲು ಅದಕ್ಕೆ ಎಟುಕಲಿಲ್ಲ, ಸೀಟಿನ ತುದಿಯಲ್ಲಿ ಕೂತು ಓಡಿಸಿದೆ. ಸಂಜೆಗೆ ಮಂಡಿ ಊದುತ್ತಿತ್ತು. ಮಂಡಿಗೆ ಎಣ್ಣೆ ಹಚ್ಚುತ್ತ ಕೂತಾಗ ಏನಾಯಿತು ಎಂದು ನೀವು ಕೇಳಲಿಲ್ಲ, ಎಂಜಿನ್ ಹೇಗಿದೆ ಎಂದು ಕೇಳಿದಿರಿ.

ಆಮೇಲೆ ಆ ಹೋಟೆಲಿನ ಕೆಲಸ. ಇಡೀ ಕಟ್ಟಡದ ಪರದೆಗಳು, ನನ್ನ ಕೈಗೆ ಅಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು. ಕೆನೆ ಬಣ್ಣದ ಬಟ್ಟೆ ಹೇರಿಕೊಂಡು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತೆವಳುತ್ತಿದ್ದಾಗ ನಿಮ್ಮ ದೊಡ್ಡಸ್ತಿಕೆಯ ಎಂಜಿನ್ ಕುದಿಯಿತು. ರೇಡಿಯೇಟರ್ ಮಾತ್ರ ಹಳೆಯದು, ಅಂಗೈಯಷ್ಟಗಲದ್ದು, ಅಂಥ ದೊಡ್ಡ ಹೊಟ್ಟೆಯನ್ನು ಅದು ಹೇಗೆ ತಣಿಸೀತು. ಸೀಟಿನ ಕೆಳಗಿಂದ ಹಬೆ ಎದ್ದಿತು. ತುಕ್ಕು ಬೆರೆತ ಬಿಸಿನೀರು ಥಾನಿನ ಮೇಲೆಲ್ಲ ಸಿಡಿಯಿತು. ನಾನು ರಸ್ತೆಗೆ ಹಾರಿದೆ, ನನ್ನ ತೊಡೆ ಸುಟ್ಟದ್ದು ಆಮೇಲೆ ಗೊತ್ತಾಯಿತು. ಹೋಟೆಲಿನವರು ಆ ಬಟ್ಟೆಯನ್ನೂ ನನ್ನನ್ನೂ ಒಟ್ಟಿಗೆ ಬೇಡವೆಂದರು.

ಆ ಸಂಜೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಕೂರಿಸುವ ಮೊದಲು ನನ್ನನ್ನು ಒಂದು ಮಾತು ಯಾಕೆ ಕೇಳಲಿಲ್ಲ ಎಂದು. ನೀವು ಮುಚ್ಚಳ ತೆಗೆದು ಒಳಗೆ ತಲೆ ಹಾಕಿದ್ದಿರಿ. ತಲೆ ಎತ್ತದೆಯೇ ಅಂದಿರಿ:

“ನಿನ್ನನ್ನೇನು ಕೇಳೋದು? ನೀನು ಬರೀ ಓಡಿಸೋಳು.”

ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಾಗಾದರೆ ನಾನು ಓಡಿಸುವುದನ್ನು ನೋಡಿಕೊಂಡು ನೀವು ಈ ಮನೆಯಲ್ಲಿ ಇರುವುದು ಬೇಡ ಎಂದೆ. ನೀವು ಮೂತಿ ಊದಿಸಿಕೊಂಡು ಟೂಲ್ ಬಾಕ್ಸ್ ಎತ್ತಿಕೊಂಡು ಅಕ್ಕನ ಮನೆಗೆ ಹೋದಿರಿ. ಬಟ್ಟೆ ಬಿಟ್ಟು ಹೋದಿರಿ, ಮಾತ್ರೆ ಬಿಟ್ಟು ಹೋದಿರಿ, ಸ್ಪ್ಯಾನರ್ ಒಂದನ್ನೂ ಬಿಡಲಿಲ್ಲ.

ಈಗ ಆ ‘ಬರೀ ಓಡಿಸೋಳು’ ಏನೇನು ಮಾಡಿದಳು ಎಂದು ಬರೆಯುತ್ತೇನೆ. ಮೊದಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ, ಅಪ್ಪನ ಎಂಜಿನ್ ವಾಪಸ್ ಕೊಡಿ, ರಿಪೇರಿ ಮಾಡಿಸಿಕೊಳ್ಳುತ್ತೇನೆ ಎಂದು. ಅಲ್ಲಿ ಕಂಡದ್ದನ್ನು ನೀವೂ ಹೋಗಿ ನೋಡಿ. ರೋಗಿಗಳು ಕಾಯುವ ಕೋಣೆಯಲ್ಲಿ, ಮೀನಿನ ತೊಟ್ಟಿಯ ಪಕ್ಕ, ಅದಕ್ಕೆ ಕೆಂಪು ಬಣ್ಣ ಬಳಿದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾರೆ. ಒಳಗಿನ ಪಿಸ್ಟನ್‌ಗಳು ಕಾಣಲಿ ಎಂದು ಒಂದು ಪಕ್ಕವನ್ನು ಪೂರ್ತಿ ಕೊಯ್ದಿದ್ದಾರೆ. ಯಾರೋ ಅದರ ಮೇಲೆ ಹಳೆಯ ವಾರಪತ್ರಿಕೆಗಳನ್ನು ಪೇರಿಸಿದ್ದರು. ಡಾಕ್ಟರು ಬಹಳ ಹೆಮ್ಮೆಯಿಂದ, ನಿಮ್ಮವರು ಎಷ್ಟು ಉದಾರಿಗಳು ಎಂದು ಹೊಗಳಿದರು. ನನ್ನ ಅಪ್ಪನ ವಸ್ತುವಿನಲ್ಲಿ ಉದಾರಿಯಾಗುವುದು ಸುಲಭ ಎಂದು ಬಾಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಆಮೇಲೆ ಪಕ್ಕದ ಗಲ್ಲಿಯ ಗ್ಯಾರೇಜಿನ ಗೊಣಗಪ್ಪನ ಹತ್ತಿರ ಹೋದೆ. ಹೌದು, ನಿಮ್ಮ ಪ್ರತಿಸ್ಪರ್ಧಿಯ ಹತ್ತಿರವೇ. ಹೆಂಗಸರ ಜೊತೆ ಗುಜರಿಗೆ ಹೋಗುವ ಗತಿ ಬಂತಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ, ಆದರೆ ಬಂದ. ಗುಜರಿಯವನು ಮೊದಲು ತೋರಿಸಿದ್ದು ಹೊಸ ಬಣ್ಣ ಹೊಡೆದ, ಫಳಫಳ ಹೊಳೆಯುವ ಒಂದನ್ನು. ಗೊಣಗಪ್ಪನಿಗೆ ಅದು ಇಷ್ಟವಾಯಿತು. ನನಗೆ ಆ ಬಣ್ಣವೇ ಅನುಮಾನ ತಂದಿತು, ಹರಿದ ಬಟ್ಟೆಯ ಮೇಲೆ ಲೇಸ್ ಹಚ್ಚಿ ಮಾರುವವರನ್ನು ದಿನಾ ನೋಡುತ್ತೇನೆ. ಉಗುರಿನಿಂದ ಕೆರೆದಾಗ ಒಡೆದ ಬ್ಲಾಕಿಗೆ ಹಾಕಿದ ವೆಲ್ಡಿಂಗ್ ಕಂಡಿತು. ಇನ್ನೊಂದರ ಎಣ್ಣೆ ಮುಚ್ಚಳ ತೆಗೆದರೆ ಒಳಗೆ ಮೊಸರಿನಂಥದ್ದು ಮೆತ್ತಿತ್ತು, ಎಣ್ಣೆಗೆ ನೀರು ಇಳಿದಿದೆ ಎಂದು ಗೊಣಗಪ್ಪನೇ ಮೂಗು ಮುರಿದ.

ಕೊನೆಯದು ಮೂಲೆಯಲ್ಲಿ ತಗಡಿನ ಕೆಳಗಿತ್ತು. ಮುಚ್ಚಿಹೋದ ಟಾಕೀಸಿನ ಜನರೇಟರ್ ಓಡಿಸುತ್ತಿದ್ದದ್ದು. ನೋಡಲು ಕುರೂಪಿ, ಆದರೆ ಅಪ್ಪನ ಎಂಜಿನ್ನಿನ ಜಾತಿಯದೇ, ಅಷ್ಟೇ ಗಾತ್ರದ್ದು. ಇದು ರಸ್ತೆ ಕಂಡಿಲ್ಲ, ಇದಕ್ಕೇನು ಗೊತ್ತು ಎಂದ ಗೊಣಗಪ್ಪ. ರಸ್ತೆ ಕಂಡಿಲ್ಲದಿದ್ದರೆ ಒಳ್ಳೆಯದೇ, ಯಾರೂ ಅದನ್ನು ಹಾರಿಸಿಲ್ಲ ಎಂದೆ ನಾನು. ವರ್ಷಗಟ್ಟಲೆ ಒಂದೇ ಸಮನೆ, ನಿಧಾನಕ್ಕೆ, ಭಾರ ಹೊತ್ತು ತಿರುಗಿದ ಎಂಜಿನ್. ನನಗೆ ಬೇಕಾದದ್ದು ಅದೇ ಸ್ವಭಾವ. ಪ್ಲಗ್ ಬಿಚ್ಚಿಸಿ, ಒಂದೊಂದು ಸಿಲಿಂಡರಿನ ಒತ್ತಡ ಅಳೆಸಿದೆ. ತೀರಾ ಹೆಚ್ಚೇನೂ ಇರಲಿಲ್ಲ, ಆದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ. ನಾಲ್ಕು ತುಂಡಿನ ಪರದೆಯಲ್ಲಿ ಒಂದು ತುಂಡು ಉದ್ದವಿದ್ದು ಪ್ರಯೋಜನವಿಲ್ಲ, ಎಲ್ಲ ಸಮ ಇರಬೇಕು. ಇದೇ ಸಾಕು ಎಂದೆ. ನನ್ನ ವ್ಯಾನಿಗೆ ಎಂಜಿನ್ ಆರಿಸಿದ್ದು ನಾನು, ಅದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ.

ನಿಮ್ಮ ದೊಡ್ಡದನ್ನು ಸರಪಳಿ ಕಟ್ಟಿ ಇಳಿಸಿ ಅಂಗಳದಲ್ಲಿಟ್ಟಿದ್ದೇವೆ, ಬೆಕ್ಕು ಮಲಗಲು ಚೆನ್ನಾಗಿದೆ. ಮುಚ್ಚಳವನ್ನೂ ಸೀಟನ್ನೂ ಮೊದಲಿನ ಎತ್ತರಕ್ಕೆ ಇಳಿಸಿಕೊಂಡೆ. ಹಳೆಯ ಗೇರ್‌ಬಾಕ್ಸ್, ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಎಲ್ಲ ನಮ್ಮ ಷೆಡ್ಡಿನ ಅಟ್ಟದಲ್ಲೇ ಇದ್ದವು, ನನ್ನ ಅಸ್ತರಿ ಬಟ್ಟೆಯ ಚೂರುಗಳಲ್ಲಿ ನೀವೇ ಸುತ್ತಿಟ್ಟಿದ್ದಿರಿ. ಬಿಚ್ಚುವಾಗ ಒಂದು ಕ್ಷಣ ನಿಮ್ಮ ಮೇಲೆ ಸಿಟ್ಟು ಕಡಿಮೆಯಾಯಿತು, ಅಷ್ಟು ಅಚ್ಚುಕಟ್ಟಾಗಿ ಸುತ್ತಿದ್ದಿರಿ. ಆ ಅಚ್ಚುಕಟ್ಟುತನದಲ್ಲಿ ಅರ್ಧ ಪಾಲು ನನ್ನ ಕಡೆಗೆ ತೋರಿಸಿದ್ದರೆ ಎಂದು ನೆನೆದಾಗ ಮತ್ತೆ ಏರಿತು.

ಕೂರಿಸುವುದು ಸುಲಭ, ಹದಕ್ಕೆ ತರುವುದು ಕಷ್ಟ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ನಿಜ. ವಾಲ್ವಿನ ಸಂದು ಹೊಂದಿಸುವಾಗ ಗೊಣಗಪ್ಪ ಕನ್ನಡಕ ಹುಡುಕುತ್ತಿದ್ದ, ನಾನು ಸಂದು ಅಳೆಯುವ ಆ ತೆಳು ತಗಡನ್ನು ಅವನ ಕೈಯಿಂದ ಇಸಿದುಕೊಂಡೆ. ದಾರ ಸೂಜಿಯಲ್ಲಿ ಎಷ್ಟು ಬಿಗಿಯಾಗಿ ಓಡಬೇಕು ಎಂದು ಬಲ್ಲ ಬೆರಳು, ಅದಕ್ಕೆ ಬೇಗ ಅಭ್ಯಾಸವಾಯಿತು. ಕಾರ್ಬುರೇಟರಿಗೆ ಅವನು ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿದ, ಒಂದು ಸುತ್ತು ಓಡಿಸಿ ಪ್ಲಗ್ ತೆಗೆದರೆ ಮಸಿ. ಅದಕ್ಕಿಂತ ಸಣ್ಣದು ಹಾಕಿದಾಗ ಪ್ಲಗ್ ಬೆಳ್ಳಗೆ ಸುಟ್ಟಿತ್ತು. ನಡುವಿನದು ಹುಡುಕಿಸಿ ಹಾಕಿಸಿದ ಮೇಲೆ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಊರ ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ ಕಟಕಟ ಬಡಿದುಕೊಳ್ಳುತ್ತಿತ್ತು, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ ಮೇಲೆ ನಿಂತಿತು. ಥಾನು, ಕಂಬಿ, ಏಣಿ ಎಲ್ಲ ಹೇರಿಕೊಂಡೇ ಹದ ಮಾಡಿಸಿದೆ, ಖಾಲಿ ಗಾಡಿಯಲ್ಲಲ್ಲ. ನೀವು ನಿಮ್ಮ ಕಾಲಿಗೆ, ನಿಮ್ಮ ರಸ್ತೆಗೆ ಹದ ಮಾಡಿದ್ದಿರಿ. ನಾನು ನನ್ನ ಕಾಲಿಗೆ, ನನ್ನ ಗಲ್ಲಿಗೆ ಮಾಡಿಸಿಕೊಂಡೆ. ಈಗ ಎರಡನೇ ಗೇರಿನಲ್ಲಿ ಪಾದ ಎತ್ತಿದರೂ ಮೆಲ್ಲಗೆ ನಡೆಯುತ್ತದೆ. ಗಿರಾಕಿಗಳ ಮನೆ ಮುಂದೆ ನಿಲ್ಲಿಸಿದಾಗ ಆಫ್ ಕೂಡ ಮಾಡುವುದಿಲ್ಲ, ಅಷ್ಟು ಹಾಯಾಗಿ ಓಡುತ್ತ ನಿಂತಿರುತ್ತದೆ.

ಒಂದು ತಕರಾರು ಮಾತ್ರ ಕಾಡಿತು. ಒಂದೇ ಸಮನೆ ಓಡುತ್ತಿರುವಾಗ ನಡುನಡುವೆ ಬಿಕ್ಕಳಿಸುತ್ತಿತ್ತು, ನಿಮ್ಮವರ ಭಾಷೆಯಲ್ಲಿ ಮಿಸ್ಸಿಂಗ್. ಹೋದ ವಾರ ಗೊಣಗಪ್ಪನೂ ನಾನೂ ಅದರ ಹಿಂದೆಯೇ ಬಿದ್ದಿದ್ದೆವು. ಮೂರನೇ ಪ್ಲಗ್ಗಿನ ವೈರು ಮುಚ್ಚಳದ ಅಂಚಿಗೆ ಉಜ್ಜಿ ಸವೆದಿತ್ತು, ಬದಲಾಯಿಸಿದೆವು, ಸರಿಹೋಯಿತು. ಕೈಯಲ್ಲಿ ಗ್ರೀಸ್ ಇರುವಾಗಲೇ ನಿಮ್ಮ ಮೆಸೇಜ್ ಬಂತು. ಮನೆ ಬಿಟ್ಟು ಹೋದ ಮೇಲೆ ಮೊದಲ ಮೆಸೇಜ್.

“ಇನ್ನೂ ಮಿಸ್ಸಿಂಗ್ ಇದೆಯಾ?”

ನನಗೆ ಮೈ ಉರಿಯಿತು. ನಮ್ಮ ಅಂಗಳದ ಸುದ್ದಿಯನ್ನು ಗೊಣಗಪ್ಪ ನಿಮಗೆ ಮುಟ್ಟಿಸಿದ್ದಾನೆ, ನೀವು ಅಲ್ಲಿಂದಲೇ ಮೂಗು ತೂರಿಸುತ್ತಿದ್ದೀರಿ ಎಂದುಕೊಂಡೆ. ಆ ಪಾಪದವನಿಗೆ ಆ ದಿನ ಚಹಾ ಕೂಡ ಕೊಡಲಿಲ್ಲ. ನಿಮಗೆ ಗತ್ತಿನಿಂದ ಬರೆದೆ, ‘ಇತ್ತು, ವೈರ್ ಕಿತ್ತು ಬದಲಾಯಿಸಿದೆ, ಈಗ ಇಲ್ಲ’ ಎಂದು. ನೀವು ‘ಸರಿ’ ಎಂದಿರಿ. ಅಲ್ಲಿಗೆ ಮುಗಿಯಿತು ಎಂದುಕೊಂಡು ಸೋಪು ಹಚ್ಚಿ ಕೈ ತೊಳೆದೆ.

ನಿನ್ನೆ ನಿಮ್ಮ ಅಕ್ಕ ಫೋನಿನಲ್ಲಿ, ಪಾಪ ಅವನು ನಾಚಿಕೆ ಬಿಟ್ಟು ಕೇಳಿದರೆ ಈಗ ಇಲ್ಲ ಅಂತ ಬರೆಯಲು ನಿನಗೆ ಹೇಗೆ ಮನಸ್ಸು ಬಂತು ಎಂದರು. ಏನು ಕೇಳಿದರು, ಯಾವಾಗ ಕೇಳಿದರು ಎಂದು ನಾನು ತಬ್ಬಿಬ್ಬಾದೆ. ಫೋನ್ ಇಟ್ಟು ಆ ಸಾಲನ್ನು ಮತ್ತೆ ಓದಿದೆ. ಗೊಣಗಪ್ಪನ ಹತ್ತಿರ ಹೋಗಿ ವಿಚಾರಿಸಿದೆ. ಅವನು ನಿಮಗೆ ಏನನ್ನೂ ಹೇಳಿಲ್ಲ, ನೀವು ಅವನ ಅಂಗಡಿ ದಾರಿ ತುಳಿದೇ ಇಲ್ಲ. ನಾನು ಬೇರೆ ಎಂಜಿನ್ ಕೂರಿಸಿದ್ದೇ ನಿಮಗೆ ತಿಳಿಯದು. ತಿಳಿಯದವರು ಅದರ ಮಿಸ್ಸಿಂಗ್ ಯಾಕೆ ಕೇಳುತ್ತಾರೆ ಎಂದು ಹೊಳೆದಾಗ ನಾನು ಅಲ್ಲೇ ಅವನ ಟೈರಿನ ರಾಶಿಯ ಮೇಲೆ ಕೂತುಬಿಟ್ಟೆ.

ಗೊತ್ತಾಗಬೇಕಿತ್ತು ನನಗೆ, ನೀವು ಕೇಳಿದ್ದು ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇನೆಯೇ ಎಂದು. ಮದುವೆಯ ಹೊಸದರಲ್ಲಿ ಕೆಲಸ ಕಲಿಯಲು ಹೋದಲ್ಲಿಂದ, ನೀನಿಲ್ಲದೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಬರೆದಿದ್ದ ಮಹಾನುಭಾವರು ನೀವು. ಜ್ವರ ಬಂದರೆ ಓವರ್‌ಹೀಟ್ ಅನ್ನುತ್ತೀರಿ, ಸುಸ್ತಾದರೆ ಬ್ಯಾಟರಿ ಡೌನ್. ನಿಮ್ಮ ಬಾಯಲ್ಲಿ ಮನಸ್ಸಿನ ಮಾತು ಬರುವುದಿದ್ದರೆ ಎಣ್ಣೆ ಗ್ರೀಸ್ ಮೆತ್ತಿಕೊಂಡೇ ಬರಬೇಕು. ಆದರೆ ಕಣ್ರೀ, ಎಂಜಿನ್ ವಿಷಯಕ್ಕೇ ಮನೆ ಮುರಿದುಕೊಂಡು ಹೋದವರು ಎಂಜಿನ್ ಮಾತಿನಲ್ಲೇ ರಾಜಿಗೆ ಬಂದರೆ ನನಗೆ ಹೇಗೆ ತಿಳಿಯಬೇಕು? ನೇರವಾಗಿ ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ? ಉತ್ತರ ಬಂದಾಗಲಾದರೂ, ವೈರ್ ಅಂದರೇನು, ಯಾವ ವೈರ್, ಏನನ್ನು ಕಿತ್ತೆ ಎಂದು ಕೇಳಬಾರದಿತ್ತೇ? ‘ಸರಿ’ ಎಂದು ಸುಮ್ಮನಾಗಿ, ಊಟ ಬಿಟ್ಟು, ಅಕ್ಕನ ಕೈಲಿ ಬೈಸುವುದು ಯಾವ ಸೀಮೆಯ ನ್ಯಾಯ? ಆವತ್ತೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ನಿಮ್ಮ ದೊಡ್ಡ ರೋಗ ಇದೊಂದೇ. ನಿಮಗೆ ಎಲ್ಲ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ, ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಸರಿ, ಕೇಳದಿದ್ದರೂ ಉತ್ತರ ಕೊಡುತ್ತೇನೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತದೆ. ಸಂಜೆ ಹೊಲಿಗೆ ನಿಲ್ಲಿಸಿದ ಮೇಲೆ ಯಾರ ಜೊತೆ ಜಗಳವಾಡಬೇಕೋ ತಿಳಿಯುವುದಿಲ್ಲ. ನಿಮ್ಮ ಮೇಲಿನ ಸಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ಬೇರೆ ಬೇರೆಯಾಗಿ ಇವೆ, ಒಂದರಿಂದ ಇನ್ನೊಂದು ಕಡಿಮೆಯಾಗಿಲ್ಲ. ಬಿಕೋ ಎನ್ನುತ್ತದೆ ಎಂದು ಬರೆದದ್ದಕ್ಕೆ ನಾಳೆಯೇ ಟೂಲ್ ಬಾಕ್ಸ್ ಹೊತ್ತು ಬಂದು ಏನೂ ಆಗಿಲ್ಲವೆಂಬಂತೆ ಪೇಪರ್ ಬಿಡಿಸಿ ಕೂತರೆ ನಾನು ಸಹಿಸುವುದಿಲ್ಲ. ನೀವು ಆವತ್ತು ಅಂದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ನನ್ನ ಮುಖ ನೋಡಿ, ತಲೆ ಎತ್ತಿ, ಮನುಷ್ಯರ ಮಾತಿನಲ್ಲಿ. ಅದರಲ್ಲಿ ಪಿಸ್ಟನ್, ಗೇರ್, ಕ್ಲಚ್ ಒಂದೂ ಬರಕೂಡದು. ಅದು ಆಗದಿದ್ದರೆ ನಿಮ್ಮ ಬಟ್ಟೆಬರೆಯನ್ನು ಅಕ್ಕನ ಮನೆಗೇ ಕಳಿಸಿಕೊಡುತ್ತೇನೆ. ನಾನು ನನ್ನ ವ್ಯಾನಿನಲ್ಲಿ ನನ್ನ ಕೆಲಸ ಮಾಡಿಕೊಂಡು ಇರುತ್ತೇನೆ. ಅದು ಈಗ ಯಾರ ಹಂಗೂ ಇಲ್ಲದೆ ಓಡುತ್ತದೆ.

ಮಾತ್ರೆಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಊಟದ ಮೇಲೆ ತಗೊಳ್ಳಿ, ಊಟ ಮಾಡಿದ ಮೇಲೆ.

ಇಂತಿ,
ವ್ಯಾನಿನ ಮಾಲಕಿ,
ಸದ್ಯಕ್ಕೆ ನಿಮ್ಮ ಹೆಂಡತಿಯೂ ಹೌದು

ಮರೆತ ಮಾತು: ಇದನ್ನು ಅಂಚೆ ಡಬ್ಬಕ್ಕೆ ಹಾಕಲೆಂದೇ ಹೊರಟೆ. ಡಬ್ಬ ದಾಟಿತು, ಸೇತುವೆ ದಾಟಿತು, ಈಗ ನಿಮ್ಮ ಅಕ್ಕನ ಮನೆಯ ಗೇಟಿನ ಮುಂದೆ ವ್ಯಾನಿನಲ್ಲಿ ಕೂತು ಸ್ಟೀರಿಂಗ್ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೊರಗೆ ಕೇಳಿಸುತ್ತಿರುವ ಸದ್ದು ನನ್ನದೇ ಎಂಜಿನ್ನಿನದು. ಆಫ್ ಮಾಡಿಲ್ಲ, ಮಾಡುವ ಹಾಗೂ ಇಲ್ಲ. ಮೇಲೆ ಅಷ್ಟು ಜಂಬ ಕೊಚ್ಚಿಕೊಂಡವಳು ಇದೊಂದನ್ನು ಬಚ್ಚಿಟ್ಟಿದ್ದೆ: ಬಿಸಿಯಾದ ಮೇಲೆ ನಿಲ್ಲಿಸಿದರೆ ಪುನಃ ಸ್ಟಾರ್ಟ್ ಆಗುವುದಿಲ್ಲ, ತಣ್ಣಗಾಗುವ ತನಕ ಕಾಯಬೇಕು. ಗೊಣಗಪ್ಪನೂ ಕೈ ಚೆಲ್ಲಿದ. ಪತ್ರವನ್ನು ಗೇಟಿಗೆ ಸಿಕ್ಕಿಸಿ ಹಾರ್ನ್ ಹೊಡೆಯುತ್ತೇನೆ. ಕಾರಣ ಗೊತ್ತಿದ್ದರೆ ಹೊರಗೆ ಬನ್ನಿ. ಗೊತ್ತಿಲ್ಲದಿದ್ದರೂ ಬನ್ನಿ. ಮುಚ್ಚಳಕ್ಕೆ ಕೈ ಹಾಕುವ ಮೊದಲು ಮಾತ್ರ ನನ್ನನ್ನು ಕೇಳಬೇಕು.